ಮಾವಿನ ಡಬ್ಬಿ ಯಾರ ಕೈಯಲ್ಲಿದೆ?



ಡಬ್ಬಿಯ ಆಹಾರ ತಿನ್ನಬೇಡಿ, ತಾಜಾ ಹಣ್ಣು ತಿನ್ನಿ ಅಂತ ಪೇಟೆಯ ವಿದ್ಯಾವಂತರು ಭಾಷಣ ಮಾಡುತ್ತಾರೆ. ನಮ್ಮ ಹುಡುಗರೂ ಈಚೆಗೆ ಅದೇ ಮಾತು ಕಲಿತಿದ್ದಾರೆ. ಡಬ್ಬಿ ಅಂದರೆ ವಿಷ, ಡಬ್ಬಿ ಅಂದರೆ ಕಂಪನಿ, ಮುಗೀತು. ಇತ್ತ ಅಧಿಕಾರಿಗಳು, ಫ್ಯಾಕ್ಟರಿ ಬಂದರೆ ಮಾವು ಬೆಳೆಗಾರರ ಕಷ್ಟವೆಲ್ಲ ತೀರಿತು ಅಂತಾರೆ. ಇಬ್ಬರದೂ ಅರ್ಧ ಮಾತು.

ನಾಲಿಗೆಯ ಲೆಕ್ಕ ಮೊದಲು ಮುಗಿಸೋಣ. ಮಾಗಡಿ, ಕನಕಪುರದ ಕಡೆ ಹುಲ್ಲಿನಲ್ಲಿ ಅಡೆ ಹಾಕಿದ ಬಾದಾಮಿ, ರಸಪುರಿಗೆ ಯಾವ ಡಬ್ಬಿಯೂ ಸಮ ಅಲ್ಲ. ಡಬ್ಬಿಗೆ ತುಂಬುವ ತಿರುಳನ್ನು ಕಾಯಿಸಬೇಕು. ಘಮ ಹೋಗುತ್ತೆ, ಸಿ ಜೀವಸತ್ವ ಒಂದಷ್ಟು ಹೋಗುತ್ತೆ. ಕಣ್ಣಿಗೆ ಬೇಕಾದ ಎ ಜೀವಸತ್ವ ಬಹುಪಾಲು ಉಳಿಯುತ್ತೆ. ಸರಿಯಾಗಿ ಕಾಯಿಸಿ ಗಾಳಿಯಾಡದಂತೆ ಮುಚ್ಚಿದ ಡಬ್ಬಿ ವಿಷವಲ್ಲ. ಇನ್ನು ತಾಜಾ ಅಂತ ಮಾರುವವರೆಲ್ಲ ಹರಿಶ್ಚಂದ್ರರೇ? ಬಲಿಯದ ಕಾಯಿ ಕಿತ್ತು, ನಿಷೇಧವಿರುವ ಕಾರ್ಬೈಡು ಇಟ್ಟು ಹಳದಿ ಮಾಡುವವರು ನಮ್ಮಲ್ಲೂ ಇದ್ದಾರೆ, ಬಚ್ಚಿಡೋದು ಬೇಡ.

ನಮಗೆ ಬೇಕಾದ ಲೆಕ್ಕ ಬೇರೆ. ಕಿತ್ತ ಹಣ್ಣು ಹೆಚ್ಚು ದಿನ ತಡೆಯಲ್ಲ, ಡಬ್ಬಿಯ ತಿರುಳು ವರ್ಷದ ಮೇಲೂ ತಡೆಯುತ್ತೆ. ತಡೆಯುವ ಮಾಲು ಯಾರ ಹತ್ತಿರ ಇದೆಯೋ ಬೆಲೆ ಕಟ್ಟುವವನು ಅವನೇ. ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೋಗಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಿಟ್ಟೆ ಗೂಡನ್ನು ತೂತು ಮಾಡುವುದರೊಳಗೆ ನಾವು ಮಾರಲೇಬೇಕು. ಒಣಗಿಸಿ ಇಟ್ಟುಕೊಳ್ಳುವ ಅನುಕೂಲ ಇದ್ದವನು ಮಾತ್ರ 'ನಾಳೆ ನೋಡೋಣ' ಅನ್ನಬಲ್ಲ.

ನಮ್ಮ ಬಾದಾಮಿ ರಾಜ್ಯದಲ್ಲೇ ಮೊದಲು ಪೇಟೆಗೆ ಬರುವುದರಿಂದ ಹೇಗೋ ತಾಜಾ ಮಾರಾಟವಾಗುತ್ತೆ. ತೋತಾಪುರಿ, ಅಂದರೆ ಗಿಣಿಮೂತಿ, ಹಾಗಲ್ಲ. ಅದು ಪಲ್ಪ್ ಫ್ಯಾಕ್ಟರಿಯ ಹಣ್ಣು. ಕರ್ನಾಟಕದ ಗಿಣಿಮೂತಿಗೆ ಆಂಧ್ರದ ಚಿತ್ತೂರೇ ದೊಡ್ಡ ಗಿರಾಕಿ. 2025ರ ಜೂನ್ 7ರಂದು ಚಿತ್ತೂರಿನ ಜಿಲ್ಲಾಧಿಕಾರಿ, ಹೊರರಾಜ್ಯದ ತೋತಾಪುರಿ ಒಳಗೆ ಬರಕೂಡದು ಅಂತ ಆದೇಶ ಹೊರಡಿಸಿದರು. ಅಲ್ಲಿಯ ರೈತರಿಗೂ ಬೆಲೆ ಇರಲಿಲ್ಲ. ಕೆಜಿಗೆ ಫ್ಯಾಕ್ಟರಿಯವರು 8 ರೂಪಾಯಿ, ಸರ್ಕಾರ 4 ರೂಪಾಯಿ ಅಂತ ನಿಗದಿ ಮಾಡಿದ್ದರು. ಅವರನ್ನು ಬೈದು ಫಲವಿಲ್ಲ. ಕ್ವಿಂಟಾಲಿಗೆ 12,000 ಇದ್ದ ಮಾವು 3,000ಕ್ಕೆ ಇಳಿದಿದೆ, ಬೆಳೆಯುವ ಖರ್ಚೇ 5,466 ರೂಪಾಯಿ ಅಂತ ನಮ್ಮ ಮುಖ್ಯಮಂತ್ರಿಗಳು ಕೇಂದ್ರಕ್ಕೆ ಪತ್ರ ಬರೆದರು. ಕೇಂದ್ರ 2.5 ಲಕ್ಷ ಟನ್‌ವರೆಗೆ ಬೆಲೆ ವ್ಯತ್ಯಾಸ ಕೊಡಲು ಒಪ್ಪಿತು. ಅದಕ್ಕೆ ಹಿಡಿದ ದರ ಕ್ವಿಂಟಾಲಿಗೆ 1,616! ಯಾವ ಶಾಲೆಯಲ್ಲಿ ಕಲಿತ ಲೆಕ್ಕ ಸ್ವಾಮಿ ಇದು? (ಅದೇ ವರ್ಷ ನಮ್ಮ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟರು. ಹೆಸರಿಗೆ ಬೆಲೆ ಬಂತು.)

ಆ ಜೂನ್‌ನಲ್ಲಿ ನಾನೂ ಒಂದು ಲೋಡು ತಮಿಳುನಾಡಿನ ಗಡಿಯಾಚೆಯ ಫ್ಯಾಕ್ಟರಿಯೊಂದಕ್ಕೆ ಕಳಿಸಿದ್ದೆ. ಗೇಟಿನ ಮುಂದೆ ಮೂರು ದಿನ ಸಾಲು. ಅಡಿಯ ಹಣ್ಣು ಕೊಳೆತು ಲಾರಿಯಿಂದ ನೀರು ಸೋರಿತು. ಕೊಳೆತದ್ದಕ್ಕೆ ತೂಕ ಕಳೆದರು, ಸರಿ ಇದ್ದದ್ದಕ್ಕೂ ಕಳೆದರು. ಕೀಳಿಸಿದ ಕೂಲಿ, ಲಾರಿ ಬಾಡಿಗೆ ಕೊಟ್ಟ ಮೇಲೆ ಮನೆಗೆ ಬಂದದ್ದು ತೂಕದ ಚೀಟಿ ಒಂದೇ. ಸೊಸೈಟಿ ಸಾಲದ ಕಂತಿಗೆ ಮನೆಯಾಕೆಯ ಬಳೆ ಅಡವಿಗೆ ಹೋಯಿತು. ಇನ್ನೂ ಅಲ್ಲೇ ಇದೆ.

ಈಗ ಆ ಹಣ್ಣು ಏನಾಗುತ್ತೆ ನೋಡಿ. ಒಂದು ಕೆಜಿ ಗಿಣಿಮೂತಿಗೆ ಸುಮಾರು ಅರ್ಧ ಕೆಜಿ ತಿರುಳು. ಹಣ್ಣಿನ ಪಾನೀಯ ಅನ್ನಿಸಿಕೊಳ್ಳಲು ಕಾನೂನು ಕೇಳುವುದು ನೂರಕ್ಕೆ 10 ಪಾಲು ಹಣ್ಣಿನ ರಸ. ಅಷ್ಟೇ ಹಾಕಿದರೆ ನಮ್ಮ ಒಂದು ಕೆಜಿ ಹಣ್ಣು ಹೆಚ್ಚುಕಡಿಮೆ 5 ಲೀಟರ್ ಪಾನೀಯ, ಅಂದರೆ 200 ಮಿಲಿಯ 25 ಪೊಟ್ಟಣ. ಒಂದು ಪೊಟ್ಟಣದ ಬೆಲೆ ಓದಿ ನೀವೇ ಗುಣಿಸಿ. ಸಕ್ಕರೆ, ಯಂತ್ರ, ಸಾಗಾಣಿಕೆ, ಅಂಗಡಿಯವನ ಲಾಭ ಎಲ್ಲ ಕಳೆಯಿರಿ, ಬೇಡ ಅನ್ನಲ್ಲ. ಉಳಿದದ್ದರಲ್ಲಿ ನಮ್ಮ ಪಾಲು ಎಲ್ಲಿ?

ಫ್ಯಾಕ್ಟರಿ ಚನ್ನಪಟ್ಟಣಕ್ಕೇ ಬಂದರೂ ಗೇಟು ಇನ್ನೊಬ್ಬರದಾದರೆ ಸಾಲು ಅದೇ, ತೂಕವೂ ಅದೇ. ಹಾಲಿಗೆ ಏನು ಮಾಡಿದೆವು ಜ್ಞಾಪಿಸಿಕೊಳ್ಳಿ. ತಾಜಾ ಹಾಲು ಬೆಂಗಳೂರಿಗೆ, ಮಿಕ್ಕಿದ್ದು ಬೆಣ್ಣೆಗೆ, ಪುಡಿಗೆ. ಪುಡಿ ಹಾಲಿಗಿಂತ ರುಚಿ ಅಂತ ಯಾರೂ ಹೇಳಲಿಲ್ಲ. ಆದರೆ ಪುಡಿ ಮಾಡುವ ಯಂತ್ರ ಒಕ್ಕೂಟದ್ದು. ಹಾಗಾಗಿ ಹಾಲು ಹೆಚ್ಚಾದ ದಿನ ಡೇರಿಯವರು ಕ್ಯಾನು ವಾಪಸ್ ಕಳಿಸುವುದಿಲ್ಲ. ಮಾವಿಗೂ ಹಾಗೇ ಆಗಲಿ. ಬಾದಾಮಿ, ರಸಪುರಿ ತಾಜಾ ಹೋಗಲಿ. ಗಿಣಿಮೂತಿ, ಸಿಪ್ಪೆಗೆ ಕಲೆ ಬಿದ್ದದ್ದು, ಗಾತ್ರ ಸಾಲದ್ದು ಸಹಕಾರ ಸಂಘದ ಡಬ್ಬಿಗೆ ಹೋಗಲಿ. ಮಾವು ಎರಡು ಮೂರು ತಿಂಗಳ ಬೆಳೆ, ಮಿಕ್ಕ ದಿನ ಬಾಯ್ಲರ್ ತಣ್ಣಗೆ ಕೂತರೆ ಯಂತ್ರದ ಸಾಲ ತೀರಲ್ಲ ಅನ್ನುವುದು ನಿಜವಾದ ತೊಡಕು. ಟೊಮೆಟೊ ಇಲ್ಲವೇ, ಸೀಬೆ, ಪರಂಗಿ ಇಲ್ಲವೇ? ಟೊಮೆಟೊವನ್ನು ರಸ್ತೆಗೆ ಸುರಿಯೋದನ್ನ ಎಷ್ಟು ಸಲ ನೋಡಿಲ್ಲ ನಾವು! ಡಬ್ಬಿಯ ವಿದ್ಯೆಗೆ ಪರದೇಶಕ್ಕೆ ಹೋಗಬೇಕಿಲ್ಲ; ಕೇಂದ್ರದ ಆಹಾರ ಸಂಶೋಧನಾಲಯ 1950ರಿಂದ ಮೈಸೂರಿನಲ್ಲೇ ಇದೆ. 1959ರಲ್ಲಿ ಹುಟ್ಟಿದ ಹಾಪ್‌ಕಾಮ್ಸ್‌ನ ಪೂರ್ತಿ ಹೆಸರಿನಲ್ಲಿ 'ಮಾರಾಟ' ಇದ್ದ ಹಾಗೆ 'ಸಂಸ್ಕರಣೆ'ಯೂ ಇದೆ. ಆ ಎರಡನೇ ಪದ ಹಿಡಿದು ಕೇಳೋಣ.

ಮುಂದಿನ ಸೊಸೈಟಿ ಸಭೆಗೆ ಬರುವಾಗ, ಮನೆಯ ಮಕ್ಕಳು ಕುಡಿದು ಎಸೆದ ಮಾವಿನ ಪೊಟ್ಟಣ ಒಂದನ್ನು ಜೇಬಿನಲ್ಲಿ ತನ್ನಿ. ನಾನು ತೂಕದ ಚೀಟಿ ತರುತ್ತೇನೆ.