ಹಸುವಿಗೆ ಬೆಲ್ಟು ಕಟ್ಟೋದಕ್ಕೆ ಮುಂಚೆ

ಪ್ರತಿ ವರ್ಷ ಪ್ರಾಜೆಕ್ಟ್ ಎಕ್ಸಿಬಿಷನ್‌ನಲ್ಲಿ ಒಂದಾದರೂ 'ಸ್ಮಾರ್ಟ್ ಹಸು' ಇದ್ದೇ ಇರತ್ತೆ. ಥರ್ಮೋಕೋಲ್ ಹಸು, ಕೊರಳಲ್ಲಿ ನೋಡ್‌ಎಂಸಿಯು, ಪಕ್ಕದ ಲ್ಯಾಪ್‌ಟಾಪಲ್ಲಿ ಕೆಂಪು ಗ್ರಾಫು. ಈ ಸಲದ ಒಂದು ನಮ್ಮ ಟೀಮಿನದೇ. ಹಾಗಾಗಿ ಬೈಯೋ ಹಕ್ಕು ನನಗಿದೆ ಅಂದುಕೊಂಡಿದ್ದೀನಿ.

ಸಮಸ್ಯೆ ಸುಳ್ಳಲ್ಲ. ಕೋಲಾರದ ಕಡೆ ನಮ್ಮಜ್ಜಿ ಮನೆಯಲ್ಲಿರೋದು ಎರಡು ಸೀಮೆಹಸು. ಎಚ್‌ಎಫ್ ಯುರೋಪಿನ ಚಳಿಯ ತಳಿ. ಹಾಲು ಜಾಸ್ತಿ ಕೊಡೋ ಹಸುವಿನ ಮೈಯಲ್ಲಿ ಹುಟ್ಟೋ ಶಾಖವೂ ಜಾಸ್ತಿ. ಅದನ್ನ ತಗಡಿನ ಶೀಟಿನ ಕೆಳಗೆ ಕಟ್ಟಿ ಹಾಕಿದರೆ ಮಧ್ಯಾಹ್ನ ಬಾಯಿ ತೆಗೆದು ಏದುಸಿರು ಬಿಡತ್ತೆ, ಜೊಲ್ಲು ಸುರಿಸತ್ತೆ, ಮೇವು ಮುಟ್ಟಲ್ಲ. ಒಂದೆರಡು ದಿನ ಬಿಟ್ಟು ಡೈರಿ ಸ್ಲಿಪ್ಪಲ್ಲಿ ಲೀಟರ್ ಇಳಿದಿರತ್ತೆ. ನಾಟಿ ಹಸು ಇದೇ ಬಿಸಿಲನ್ನ ಎಷ್ಟೋ ಚೆನ್ನಾಗಿ ತಡೆಯತ್ತೆ.

ಎಲ್ಲ ಪ್ರಾಜೆಕ್ಟುಗಳೂ ಬಳಸೋದು ಟಿಎಚ್‌ಐ, ಅಂದರೆ ಉಷ್ಣತೆ ಮತ್ತು ತೇವಾಂಶ ಸೇರಿಸಿ ತೆಗೆಯೋ ಒಂದು ಸಂಖ್ಯೆ. 72 ದಾಟಿದರೆ ಅಪಾಯ ಅಂತ ಕೋಡಲ್ಲಿ ಬರೆದು ಬಿಡ್ತೀವಿ. ನಾವೂ ಬರೆದ್ವಿ. ಆಮೇಲೆ ಲೆಕ್ಕ ಹಾಕಿ ನೋಡಿದರೆ, 25 ಡಿಗ್ರಿ, ಶೇಕಡಾ 60 ತೇವಾಂಶಕ್ಕೇ 72 ದಾಟಿಹೋಗತ್ತೆ! 32 ಡಿಗ್ರಿಗೆ, ಅದೇ ತೇವಾಂಶದಲ್ಲಿ, 82ರ ಮೇಲೆ. ಅಂದರೆ ನಮ್ಮ ಅಲಾರಮ್ಮು ವರ್ಷದ ಮುಕ್ಕಾಲು ಪಾಲು ಹೊಡ್ಕೊಳ್ತಾನೇ ಇರತ್ತೆ. ಮೂರನೇ ದಿನ ಯಾರಾದರೂ ಅದರ ವೈರ್ ಕೀಳ್ತಾರೆ, ಕಿತ್ತರೆ ತಪ್ಪೂ ಅಲ್ಲ. ಸಾಲದ್ದಕ್ಕೆ ಡಿಎಚ್‌ಟಿ11 ಸೆನ್ಸರಿನ ಉಷ್ಣತೆಯೇ 2 ಡಿಗ್ರಿ ಆಚೀಚೆ.

ಇನ್ನು ಬೆಲ್ಟಿನಲ್ಲಿ ಹೊಲಿದ ಟೆಂಪರೇಚರ್ ಸೆನ್ಸರು. ಹಸು ಬಿಸಿಲಿಗೆ ಬಂದ ಕೂಡಲೇ ಅದು ಹೇಳೋದು ಹಸುವಿನ ಜ್ವರ ಅಲ್ಲ, ಕಾದ ಬೆಲ್ಟಿನ ಜ್ವರ. ಹೊಟ್ಟೆಯೊಳಗೆ ನುಂಗಿಸೋ ಬೋಲಸ್ ಇದಕ್ಕಿಂತ ಮೇಲು. ಆದರೆ ಹಸು ನೀರು ಕುಡಿದ ತಕ್ಷಣ ಅದರ ರೀಡಿಂಗ್ ದಡಕ್ಕನೆ ಬೀಳತ್ತೆ, ಆ ಇಳಿತವನ್ನ ಸೋಸಿ ತೆಗೀಬೇಕು.

ಹಾಗಂತ ಬೆಲ್ಟೇ ಬೇಡ ಅಂತಲ್ಲ. ಅದರಲ್ಲಿ ಆಕ್ಸೆಲೆರೋಮೀಟರ್ ಹಾಕಿದರೆ ಆ ಹಸು ದಿನಕ್ಕೆ ಎಷ್ಟು ಹೊತ್ತು ಮೆಲುಕು ಹಾಕ್ತು ಅಂತ ಸಿಗತ್ತೆ. ಕಾಲಿಗೂ ಒಂದು ಕಟ್ಟಿದರೆ ಎಷ್ಟು ಹೊತ್ತು ಮಲಗ್ತು ಅನ್ನೋದೂ ಗೊತ್ತಾಗತ್ತೆ. ಸೆಕೆಯಲ್ಲಿ ಮೆಲುಕು ಕಡಿಮೆ ಆಗತ್ತೆ, ನಿಂತೇ ಇರೋದು ಜಾಸ್ತಿ. 72 ಅನ್ನೋ ಪರದೇಶದ ಗೆರೆ ಬಿಟ್ಟು, ಗೌರಿಯ ನಿನ್ನೆಯನ್ನ ಗೌರಿಯ ಇವತ್ತಿಗೆ ಹೋಲಿಸೋದು ನನ್ನ ಪ್ರಕಾರ ನಿಜವಾದ ಎಂಜಿನಿಯರಿಂಗು. ಅದರಲ್ಲೂ ರಾತ್ರಿ. ಹಗಲಿನ ಏದುಸಿರು ಅಜ್ಜಿಗೆ ಕಾಣತ್ತೆ. ರಾತ್ರಿ ಎರಡು ಗಂಟೆಗೆ ಕೊಟ್ಟಿಗೆ ಇನ್ನೂ ಆರಿಲ್ಲ, ಹಸು ಮಲಗದೆ ನಿಂತೇ ಇದೆ ಅನ್ನೋದು ಕಾಣಲ್ಲ. ರಾತ್ರಿ ಮೈ ತಣಿಯದ ಹಸು ನಾಳೆಯ ಬಿಸಿಲಿಗೆ ಇವತ್ತಿನ ಸಾಲ ಹೊತ್ತುಕೊಂಡೇ ಹೋಗತ್ತೆ.

ನಮ್ಮ ಡೆಮೊ ನೋಡಿ ಅಜ್ಜಿ ಕೇಳಿದ್ದು ಒಂದೇ: "ಸೆಕೆ ಅಂತ ಹೇಳ್ತದೆ ಸರಿ ಕಂದಾ, ನೀರು ಎತ್ಕೊಂಡು ಬರ್ತದಾ?"

ವೈವಾದಲ್ಲಿ ಯಾರೂ ಕೇಳದ ಪ್ರಶ್ನೆ ಇದು. ಕರೆಂಟಿಲ್ಲದ ಮಧ್ಯಾಹ್ನ ಅಲಾರಮ್ ಹೊಡೆದರೆ ಆಕೆ ಮಾಡೋದಾದರೂ ಏನು? ಶೀಟಿನ ಮೇಲೆ ತೆಂಗಿನ ಗರಿ ಹೊದಿಸೋದು, ನೆರಳಲ್ಲಿ ಕುಡಿಯೋ ನೀರಿಡೋದು, ಮೇವನ್ನ ಬೆಳಗಿನ ಜಾವ ಮತ್ತು ಸಂಜೆ ತಂಪಿಗೆ ಹಾಕೋದು, ಇವಕ್ಕೆ ಯಾವ ಸೆನ್ಸರೂ ಬೇಕಿಲ್ಲ. ಪ್ರಾಜೆಕ್ಟಿನ ಬಜೆಟ್ಟಲ್ಲಿ ಮೊದಲ ಖರ್ಚು ಇವೇ ಆಗಿರಬೇಕಿತ್ತು. ಇವೆಲ್ಲ ಮಾಡಿದ ಮೇಲೂ ಗೌರಿ ರಾತ್ರಿ ಮಲಗ್ತಿಲ್ಲ ಅಂದರೆ, ಆಗ ಬೆಲ್ಟಿನ ಮಾತಿಗೆ ಬೆಲೆ.

ಮುಂದಿನ ಬ್ಯಾಚಿನವರು ಇದನ್ನ ಮುಂದುವರಿಸ್ತೀವಿ ಅಂದರೆ ಕೋಡ್ ಕೊಡ್ತೀನಿ. ಬೆಲ್ಟ್ ಕೇಳಬೇಡಿ. ಅದರಿಂದ ಅಜ್ಜಿ ಕರು ಕಟ್ಟಿಹಾಕಿದ್ದಾರೆ.