ಅಪಘಾತ ಗಡಿಯಾಚೆ, ಕ್ಲೇಮು ಈಚೆ

ಅಕ್ಕೋಳದವರಿಗೆ ಕೊಲ್ಲಾಪುರ ದೂರವೇನಲ್ಲ. ದವಾಖಾನೆ, ಜವಳಿ, ಎಲ್ಲಕ್ಕೂ ಅಲ್ಲಿಗೇ ಹೋಗ್ತೀವಿ. ಆದರೆ ಅಲ್ಲಿ ಕಾರಿಗೆ ಅಪಘಾತವಾದರೆ? ‘ಮಹಾರಾಷ್ಟ್ರದ ಕೋರ್ಟಿಗೆ ಯಾರು ಅಲೆಯೋದು’ ಅಂತ, ಯಜಮಾನರು ಇನ್ನೂ ಹಾಸಿಗೆಯಲ್ಲಿರುವಾಗಲೇ, ಎದುರಿನವರು ಕೊಟ್ಟಷ್ಟು ತಗೊಂಡು ಸುಮ್ಮನಾಗುವ ಗೃಹಿಣಿಯರಿದ್ದಾರೆ. ಹಾಗೆ ಮಾಡಬೇಡ್ರಿ!

ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಂತೆ ನೀವು ವಾಸಿಸುವ ಊರಿನ ವ್ಯಾಪ್ತಿಯ ಟ್ರಿಬ್ಯೂನಲ್ಲಿನಲ್ಲೇ ಪರಿಹಾರ ಕೇಳಬಹುದು. ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮ 2022ರ ಏಪ್ರಿಲ್ 1ರಿಂದ ಬಂದಿದೆ, ಆದ್ದರಿಂದ ತಡಮಾಡಬೇಡಿ. ಅಲ್ಲಿನ ಠಾಣೆಯ ಎಫ್‌ಐಆರ್, ಪಂಚನಾಮೆ ಮರಾಠಿಯಲ್ಲಿದ್ದರೂ ಪ್ರತಿ ಇಸ್ಕೊಳ್ಳಿ. ಡಿಕ್ಕಿ ಹೊಡೆದ ಗಾಡಿಯ ನಂಬರು, ಅದರ ವಿಮೆ ಕಂಪನಿಯ ಹೆಸರು ಬರೆದಿಡಿ. ಔಷಧಿ ಅಂಗಡಿಯ ಸಣ್ಣ ಚೀಟಿಯನ್ನೂ ಎಸೆಯಬೇಡಿ (ನಾವು ಹಾಲಿನ ಲೆಕ್ಕ ಇಡೋದಿಲ್ವೇ?).

ನಿಮ್ಮ ಕಾರಿನ ರಿಪೇರಿ ಹಣ ಬೇರೆ ವಿಷಯ. ಅದಕ್ಕೆ ನಿಮ್ಮ ವಿಮೆ ಕಂಪನಿಗೆ ಅವತ್ತೇ ಫೋನ್ ಮಾಡಿ. ಸರ್ವೇಯರ್ ಬಂದು ನೋಡುವ ಮುಂಚೆ ಗ್ಯಾರೇಜಿನವರು ಬಿಚ್ಚದಿರಲಿ.