ಹಾಸಿಗೆ ಕೋಣೇಲಿ ಹಾಡು

ನಮ್ಮತ್ತೆ ಹೋಗಿ ಈ ಕಾರ್ತೀಕಕ್ಕೆ ಎರಡು ವರ್ಷ. ಅವ್ರ ದನಿ ಅಂತ ನಮ್ಮನೇಲಿ ಉಳ್ದಿರದು ಒಂದೇ ಒಂದು ವಿಡಿಯೋ. ನಾದಿನಿ ಮಗಳ ಮದ್ವೇಲಿ, ಬಳೆ ಶಾಸ್ತ್ರದ ದಿನ, ಚಪ್ಪರದಡಿ ಕೂತು ಸೋಬಾನೆ ಎತ್ತಿಕೊಟ್ಟಿದ್ದು. ಅತ್ತೆ ಬಾಯಿ ಆಡ್ತಿರದು ಕಾಣ್ತದೆ. ಕೇಳದು ಮಾತ್ರ ಜನರೇಟರ್ರು, ಹಿಂದುಗಡೆ ಪಾತ್ರೆ ತೊಳೆಯೋ ಸದ್ದು, ಯಾರೋ "ಕಾಫಿ ಬಂತಾ" ಅಂತ ಕೂಗದು. ಆ ಹಾಡಿನ ನಾಲ್ಕನೇ ನುಡಿ ಎಂತ ಅಂತ ಈಗ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಆ ಫೋನ್ ಹಿಡ್ಕೊಂಡು ನಿಂತಿದ್ದೋಳು ನಾನೇ.

ಅದಕ್ಕೆ ಹೇಳದು, ಹಾಡು ಹಿಡಿದಿಡೋಕೆ ಮನೇಲಿ ಒಂದು ಮೂಲೆ ಬೇಕು. ಉಪ್ಪಿನಕಾಯಿ ಭರಣಿಗೆ ಜಾಗ ಮಾಡ್ತೀವಿ, ಮಳೆಗಾಲದ ಸೌದೆಗೆ ಜಾಗ ಮಾಡ್ತೀವಿ, ಇದಕ್ಯಾಕಿಲ್ಲ?

ಇಷ್ಟು ಅಂದಿದ್ದೇ ತಡ, ಮೈದುನನ ಮಗ ಪಟ್ಟಿ ಹಿಡ್ಕೊಂಡು ಬಂದ. ಮೈಕು, ಸ್ಟ್ಯಾಂಡು, ಗೋಡೆಗೆ ಅಂಟ್ಸೋ ಸ್ಪಂಜು, ಎಲ್ಲ ಸೇರಿ 18 ಸಾವಿರ. ಪಲ್ಪರ್ ರಿಪೇರಿ ಮಾಡ್ಸೋಕೇ ಎಣಿಸ್ತಾ ಕೂತಿದೀವಿ, ಇನ್ನು ಇದು! ಮಗಳು ಬೆಂಗಳೂರಿಂದ ಫೋನಲ್ಲಿ ನಕ್ಕಳು. ಅಮೆರಿಕದ ಬಿಲ್ಲಿ ಐಲಿಷ್ ಅನ್ನೋ ಹುಡುಗಿ 2019ರಲ್ಲಿ ಬಿಟ್ಟ ಹಾಡುಗಳ್ನ ಅಣ್ಣನ ಮಲಗೋ ಕೋಣೇಲೇ ಕೂತು ಮಾಡಿದ್ದಂತೆ, ಮರುವರ್ಷ ಗ್ರ್ಯಾಮಿ ಪ್ರಶಸ್ತಿ ಬಂತಂತೆ. ಅಷ್ಟು ದೂರ ಹೋಗದು ಬೇಡ. ಮೈಸೂರು ಮಹಾರಾಜರ ಆಸ್ಥಾನದಲ್ಲಿದ್ದು 1930ರಲ್ಲಿ ಮೈಸೂರಲ್ಲೇ ತೀರಿಕೊಂಡ ಗೌಹರ್ ಜಾನ್ ಇದ್ದಾರಲ್ಲ, ಅವ್ರ ಮೊದಲ ಗ್ರಾಮಫೋನ್ ಹಾಡುಗಳು 1902ರಲ್ಲಿ ಕಲ್ಕತ್ತದ ಒಂದು ಹೋಟೆಲ್ ರೂಮಲ್ಲಿ ಆಗಿದ್ದು. ಕರೆಂಟಿನ ಮೈಕೂ ಇರ್ಲಿಲ್ಲ, ದೊಡ್ಡ ಕೊಳವೆ ಬಾಯಿಗೆ ಮುಖ ಕೊಟ್ಟು ಹಾಡದು.

ನಾನು ಮೊದ್ಲು ಕೂತಿದ್ದು ಹಾಲಲ್ಲಿ. ಕೇಳಿದ್ರೆ ಬಾವಿಯೊಳಗೆ ಹಾಡಿದಂಗಿತ್ತು. ನೆಲಕ್ಕೆ ಟೈಲ್ಸು, ಮೇಲೆ ಆರ್‌ಸಿಸಿ, ಗಟ್ಟಿ ಗೋಡೆಗೆ ಬಡಿದ ದನಿ ವಾಪಸ್ ಬಂದು ಹಾಡಿಗೇ ಅಡ್ಡ ಕೂರ್ತದೆ. ಪರೀಕ್ಷೆ ಸುಲಭ: ಒಂದು ಚಪ್ಪಾಳೆ ಹೊಡೀರಿ. ಗುಂಯ್ ಅಂತ ಬಾಲ ಉಳಿದ್ರೆ ಆ ಕೋಣೆ ಬೇಡ. ನಾನು ಕೋಣೆಯಿಂದ ಕೋಣೆಗೆ ಚಪ್ಪಾಳೆ ಹೊಡ್ಕೊಂಡು ತಿರುಗ್ತಿದ್ರೆ ನಮ್ಮನೆಯವರು "ಬಾವಲಿ ಓಡಿಸ್ತಿದೀಯೇನೇ" ಅಂದ್ರು. ಕೊನೆಗೆ ಚಪ್ಪಾಳೆ ಪಟ್ ಅಂತ ಸತ್ತಿದ್ದು ನೆಂಟರ ಹಾಸಿಗೆ ಪೇರಿಸಿಡೋ ಚಿಕ್ಕ ಕೋಣೇಲಿ. ಹಾಸಿಗೆ, ಕಂಬಳಿ, ಹಳೇ ಸೀರೆ ಗಂಟು, ಎಲ್ಲ ಮೆತ್ತಗಿನದೇ, ದನಿ ಅದ್ರಲ್ಲೇ ಇಂಗ್ತದೆ.

ಅಲ್ಲಿ ಹಾಡೋರ ಬೆನ್ನ ಹಿಂದೆ ಹಗ್ಗ ಕಟ್ಟಿ ಎರಡು ಕಂಬಳಿ ಇಳಿಬಿಟ್ಟೆ. ಎಲ್ರೂ ಎದುರಿಗೇ ಬಟ್ಟೆ ಕಟ್ತಾರೆ, ಆದ್ರೆ ಫೋನಿನ ಮುಖ ಇರದು ನಮ್ಮ ಕಡೆ, ನಮ್ಮ ಹಿಂದಿನ ಗೋಡೆಯಿಂದ ಬರೋ ಸದ್ದನ್ನೂ ಅದು ಹಿಡೀತದೆ. ಎದುರಿಗೆ ಸೀರೆ ಬೀರು ಬಾಗಿಲು ತೆಗೆದಿಟ್ರೆ ಸಾಕು. ಸೇರಿಗೆ ಅಕ್ಕಿ ತುಂಬಿ ಅದ್ರಲ್ಲಿ ಫೋನ್ ಊರಿದೆ, ಅದೇ ಸ್ಟ್ಯಾಂಡು. ಬಾಯಿಗೂ ಫೋನಿಗೂ ಒಂದು ಗೇಣು, ಅದೂ ಸ್ವಲ್ಪ ಓರೆಗೆ. ನೇರ ಇಟ್ರೆ 'ಪ', 'ಬ' ಬಂದಾಗೆಲ್ಲ ಉಸಿರು ಬಡಿದು ಡಬ್ ಅಂತದೆ. ಕಾಲರ್ ಮೈಕು ಸಾವಿರದೊಳಗೆ ಸಿಗ್ತದೆ, ತಂದೂ ನೋಡಿದೆ, ಸೆರಗು ಉಜ್ಜಿದ್ದು ತಾಳಿ ತಾಗಿದ್ದು ಎಲ್ಲ ಕೇಳ್ತದೆ. ಗಾಜಿನ ಬಳೆ ತೆಗೀರಿ ಅಂತ ಹಿರಿಯೋರಿಗೆ ಹೇಳೋಕಾಗಲ್ಲ, ಮೇಲೆ ಟವೆಲ್ ಸುತ್ತಿದ್ರಾಯ್ತು. ಮೊಟ್ಟೆ ಟ್ರೇ ಅಂಟ್ಸಿ ಅಂತಾರಲ್ಲ, ಅದ್ರಿಂದ ಹೇಳಿಕೊಳ್ಳೋ ಉಪಯೋಗ ಇಲ್ಲ.

ಒಂದು ತಿಳ್ಕೊಳ್ಳಿ, ಕಂಬಳಿ ಒಳಗಿನ ಗುಂಯ್ ಕುಡೀತದೆ, ಹೊರಗಿನ ಸದ್ದು ತಡೆಯಲ್ಲ. ಅದಕ್ಕಿರದು ಹೊತ್ತು ನೋಡಿ ಕೂರದೊಂದೇ. ನಮ್ಮ ಕಡೆ ಆ ಹೊತ್ತು ಸಿಗದೇ ಕಷ್ಟ. ಆಷಾಢದಲ್ಲಿ ಹೆಂಚಿನ ಮೇಲೆ ಮಳೆ, ಪಕ್ಕದಲ್ಲಿ ಕೂತೋರ ಮಾತೇ ಕೇಳಲ್ಲ. ಕೊಯ್ಲಲ್ಲಿ ಪಲ್ಪರ್ರು. ಅದು ಮುಗೀತು ಅನ್ನೋಷ್ಟರಲ್ಲಿ ಹೂವಿಗೆ ನೀರು ಹೊಡೆಯೋ ಡೀಸೆಲ್ ಎಂಜಿನ್ನು. ಸಂಜೆಯಾದ್ರೆ ಜೀರುಂಡೆ. ಉಳಿಯದು ಮಧ್ಯಾಹ್ನ ಊಟ ಆಗಿ ಎಲ್ಲ ಅಡ್ಡಾಗಿರೋ ಎರಡರಿಂದ ಮೂರು. ಫ್ಯಾನು, ಫ್ರಿಜ್ಜು ಆರ್ಸಬೇಕು. ಮೊದಲ ಸಲ ಫ್ರಿಜ್ ಹಾಕೋಕೆ ಮರೆತು ಎರಡು ಲೀಟರ್ ಹಾಲು ಒಡೀತು. ಈಗ ಬೀರು ಕೀಲಿ ಫ್ರಿಜ್ ಒಳಗೇ ಇಡ್ತೀನಿ, ಕೀಲಿಗೆ ಹೋದ್ರೆ ನೆನಪಾಗ್ತದೆ.

ಇಷ್ಟೆಲ್ಲ ಮಾಡಿದ್ರೂ ಬಾಗಿಲು ಹಾಕಿ ಐದು ನಿಮಿಷ ಆಗಲ್ಲ, "ನನ್ನ ಕನ್ನಡಕ ಎಲ್ಲಿಟ್ಟಿದೀಯ?" ಅದೇ ನೋಡಿ ದುಬಾರಿ. 18 ಸಾವಿರದ ಪಟ್ಟೀಲಿ ಅದಕ್ಕೆ ಬೆಲೆ ಬರೆದಿಲ್ಲ. ಗಂಡಸ್ರು ಕ್ರಿಕೆಟ್ ನೋಡುವಾಗ ನಾವು ಮಿಕ್ಸಿ ಹಾಕಲ್ಲ. ನಮಗೊಂದು ಗಂಟೆ ಮನೆ ಸುಮ್ನಿರ್ಲಿ ಅಂತ ಕೇಳೋಕೆ ನಮಗೇ ಸಂಕೋಚ. ನಾನು ಮೂರು ಸಲ ಬಿಟ್ಟೆದ್ದು ಬಂದೆ, ನಾಲ್ಕನೇ ಸಲ ಒಳಗಿಂದ ಚಿಲಕ ಹಾಕ್ದೆ. ಕನ್ನಡಕ ಸಿಕ್ತು, ಅವ್ರ ತಲೆ ಮೇಲೇ ಇತ್ತಂತೆ.

"ಸೋಬಾನೆ ಹತ್ತು ಜನ ಕೂಡಿ ಹೇಳದು, ಒಬ್ರೇ ಕೋಣೇಲಿ ಹೇಳಿದ್ರೆ ಅದೇನು ಸೋಬಾನೆ" ಅಂತ ನಮ್ಮ ಪಕ್ಕದ ತೋಟದ ಅಕ್ಕ ಕೇಳಿದ್ರು. ಮಾತು ಸರಿಯೇ. ಸೊಲ್ಲು ಹೇಳೋರಿಲ್ದೆ ಎತ್ತಿಕೊಡೋರಿಗೆ ಉಸಿರು ಸಾಲಲ್ಲ. ಅದಕ್ಕೆ ಇಬ್ಬರು ಒಳಗೆ ಕೂರ್ತೀವಿ, ಫೋನಿಂದ ದೂರ, ಸೊಲ್ಲು ಹಿಡಿಯೋಕೆ. ಆದ್ರೆ ನಾಲ್ಕನೇ ನುಡಿ ಗೊತ್ತಿರೋ ಒಬ್ರೇ ಉಳಿದಿರುವಾಗ ಹತ್ತು ಜನಕ್ಕೆ ಕಾಯೋಕಾಗಲ್ಲ ಅಕ್ಕ.

ಫೋನನ್ನ ಏರೋಪ್ಲೇನ್ ಮೋಡಿಗೆ ಹಾಕಿ. ಎಕೋ ಹಾಕೋ ಆ್ಯಪ್ ಬೇಡ, ಅಷ್ಟು ಕಷ್ಟಪಟ್ಟು ಓಡಿಸಿದ ಗುಂಯ್ ಅನ್ನೇ ದುಡ್ಡು ಕೊಟ್ಟು ಕರೆದಂಗೆ. ವಾಟ್ಸಾಪಲ್ಲಿ ಕಳಿಸದಾದ್ರೆ ಡಾಕ್ಯುಮೆಂಟ್ ಅಂತ ಕಳ್ಸಿ, ವಾಯ್ಸ್ ಮೆಸೇಜಲ್ಲಿ ದನಿ ಸೊರಗ್ತದೆ. ಗೌಹರ್ ಜಾನ್ ಆವಾಗ ಹಾಡಿನ ಕೊನೆಗೆ ತಮ್ಮ ಹೆಸರು ತಾವೇ ಹೇಳ್ತಿದ್ರು, ತಟ್ಟೆ ತಯಾರಾಗ್ತಿದ್ದ ಜರ್ಮನಿಯೋರಿಗೆ ಇದು ಯಾರ ಹಾಡು ಅಂತ ತಿಳೀಲಿ ಅಂತ. ನೀವೂ ಹೇಳ್ಸಿ: ಹೆಸರು, ತವರು, ಯಾವ ಶಾಸ್ತ್ರದ ಹಾಡು, ಯಾರಿಂದ ಕಲ್ತಿದ್ದು. ನಮ್ಮಜ್ಜೀರು ಯಾರೂ ಹೇಳಿದ್ದಿಲ್ಲ, ಅದಕ್ಕೇ ಎಲ್ಲ ಹಾಡೂ "ಹಿಂದಿನೋರದು" ಆಗಿ ಕೂತವೆ.

ಈ ಮಂಗಳವಾರ ಕಳಸದಿಂದ ನಮ್ಮ ಚಿಕ್ಕತ್ತೆ ಬರ್ತಾರೆ. ಎಂಬತ್ತು ದಾಟಿದೆ, ದನಿ ಇನ್ನೂ ಗಟ್ಟಿ ಇದೆ, ಅತ್ತೆ ಹೇಳ್ತಿದ್ದ ಹಾಡು ತನಗೂ ಬರ್ತದೆ ಅಂದಿದಾರೆ. ಸೊಲ್ಲು ಹೇಳೋಕೆ ಬರೋರು ಊಟಕ್ಕೇ ಬನ್ನಿ, ಒಂದೊಂದು ಕಂಬಳಿ ತನ್ನಿ. ಎರಡರಿಂದ ಮೂರರವರೆಗೆ ಫೋನ್ ಮಾಡ್ಬೇಡಿ, ಎತ್ತಲ್ಲ.